ಮೂವತ್ತು ಶುಕ್ರವಾರ ಸಾರಿಸಿದ ನೆಲ

ಆಮೆ ನೆಲ ಅಗೆಯಲು ಶುರುಮಾಡಿದರೆ ಅದರ ಕಣ್ಣೆದುರು ಹೋಗಬಾರದು. ಹಿಂದಿನಿಂದ, ಕುಕ್ಕರುಗಾಲಿನಲ್ಲಿ ಕೂತು, ಬಾಯಿ ಮುಚ್ಚಿಕೊಂಡು ನೋಡಬೇಕು. ಇದನ್ನು ನಾನು ಕಲಿತದ್ದು ಕರಾವಳಿಯಲ್ಲಿ, ಕಡಲಾಮೆಗಳ ಗೂಡು ಕಾಯುವವರ ಜೊತೆ ಹದಿನೈದು ರಾತ್ರಿ ಮರಳಿನ ಮೇಲೆ ನಡೆದಾಡಿದಾಗ. ಅಲ್ಲಿ ಗೂಡು ಸಿಕ್ಕರೆ ಸುತ್ತ ಕೋಲು ನೆಟ್ಟು, ಮೇಲೆ ತಂತಿಯ ಜಾಲರಿ ಹಾಕಿ, ನಾಯಿ ಕೆದಕದಂತೆ ಕಾಯುತ್ತಾರೆ. ನಾನು ಆ ವಿದ್ಯೆಯನ್ನೆಲ್ಲ ಬ್ಯಾಗಿಗೆ ತುಂಬಿಕೊಂಡು ಊರಿಗೆ ಬಂದೆ. ಮಾಗಡಿ ಕಡೆಗೆ ಸಮುದ್ರ ಎಲ್ಲಿಂದ ಬರಬೇಕು? ನಮಗಿರುವುದು ಕೆರೆ. ಕೆರೆಯಲ್ಲಿರುವುದು ಹಾಲಾಮೆ, ಊಟದ ತಟ್ಟೆಯಷ್ಟು ಅಗಲ, ಮುಟ್ಟಲು ಹೋದರೆ ಚಿಪ್ಪಿನ ಬಾಗಿಲು ಹಾಕಿಕೊಂಡು ಕೂರುವ ಪ್ರಾಣಿ. ಆದರೂ ಆಮೆ ಆಮೆಯೇ ಅಂದುಕೊಂಡಿದ್ದೆ.

ಸಾವನದುರ್ಗದ ಆಸುಪಾಸಿನಲ್ಲಿ ಹಕ್ಕಿ, ಹಾವು, ಕಾಡುದಾರಿ ತೋರಿಸಲು ಜನರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಕಳೆದ ಸಲದ ಸ್ವಾತಿ ಮಳೆ ಸುರಿದು ನಿಂತ ಒಂದು ಸಂಜೆ, ಕಲ್ಯದ ಕಡೆಯ ಒಂದು ಕೆರೆಯ ಬಳಿ ಹಕ್ಕಿ ನೋಡುವವರ ಗುಂಪಿನೊಂದಿಗಿದ್ದೆ. ನೀರಿನಿಂದ ಒಂದು ಹಾಲಾಮೆ ಎದ್ದು, ಅಂಚಿನ ರಾಗಿ ಹೊಲಕ್ಕೆ ಹತ್ತಿತು. ಬದುವಿನ ಪಕ್ಕ ಒಂದು ಜಾಗ ಮೂಸಿ ನಿಂತಿತು. ಹಿಂಗಾಲಿನಿಂದ ಒಂದೊಂದೇ ಹಿಡಿ ಮಣ್ಣು ತೆಗೆಯುತ್ತ, ಮಣ್ಣು ಗಟ್ಟಿಯಾದಲ್ಲಿ ತನ್ನದೇ ನೀರು ಬಿಟ್ಟು ನೆನೆಸಿಕೊಳ್ಳುತ್ತ, ಒಂದು ಗೇಣಿಗೂ ಕಡಿಮೆ ಆಳದ ಕುಳಿ ಮಾಡಿತು. ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಮೊಟ್ಟೆ. ದೊಡ್ಡ ನೆಲ್ಲಿಕಾಯಿ ಗಾತ್ರದ, ದುಂಡನೆಯ, ಬಿಳಿ ಮೊಟ್ಟೆಗಳು. ಒಂಬತ್ತು ಎಣಿಸಿದೆ. ಮಣ್ಣು ಎಳೆದು ಮುಚ್ಚಿ, ಮೈಯಿಂದ ಒತ್ತಿ, ಹಿಂದೆ ತಿರುಗಿಯೂ ನೋಡದೆ ನೀರಿಗೆ ಹೋಯಿತು.

ಅಷ್ಟರಲ್ಲಿ ಬೆನ್ನ ಹಿಂದೆ ಕುಡುಗೋಲು ಹಿಡಿದು ಹೊಲದ ಯಜಮಾನಿ ನಿಂತಿದ್ದರು. ಐವತ್ತೈದು ದಾಟಿದ ಹೆಂಗಸು, ಗಟ್ಟಿ ಗಂಟಲು.

"ಏನ್ರಪ್ಪಾ ಅದು, ನಮ್ಮೊಲ್ದಲ್ಲಿ ಗುಂಪು ಕಟ್ಕೊಂಡು ಕುಂತಿದ್ದೀರಿ?"

ಹೇಳಿದೆ. ಅವರು ಬಗ್ಗಿ ನೆಲ ನೋಡಿದರು. "ಆಮೆ ಮನೆಗ್ ಬಂದ್ರೆ ಆಗಲ್ಲ ಅಂತಾರೆ. ಒಲಕ್ ಬಂದ್ರೆ ಯಾರೇನಂದವ್ರೆ? ಬಾಣಂತಿ ಬಂದಂಗಾಯ್ತು ಬುಡು" ಅಂದರು.

ನನಗೆ ಖುಷಿಯಾಯಿತು. ಕರಾವಳಿಯ ಪಾಠ ಒಪ್ಪಿಸಿದೆ. "ಅಮ್ಮಾ, ಇವು ಒಡೆಯೋದು ಮುಂದಿನ ಮುಂಗಾರಿಗೆ. ಅಲ್ಲೀತನಕ ನಾಯಿ, ಮುಂಗುಸಿ ಕೆದಕಬಾರದು. ಮೇಲೆ ಏನಾದ್ರೂ ಮುಚ್ಚಿ ಭದ್ರ ಮಾಡಿ. ನಾನು ಜಾಲರಿ ತಂದ್ಕೊಡ್ತೀನಿ."

"ಎಂಟ್ ತಿಂಗ್ಳಾ?"

"ಹೌದು. ಒಳಗೆ ಬೆಳೆದು, ಮಳೆಗೆ ಕಾಯ್ತಾ ಕೂತಿರ್ತವೆ. ನೆಲ ನೆನೆದು ಮೆತ್ತಗಾದ್ರೆ ಹೊರಗೆ."

"ಆಯ್ತು ಓಗು ಮೇಷ್ಟ್ರೇ. ನಾನ್ ನೋಡ್ಕತೀನಿ" ಅಂದರು. ನಾನು ಮೇಷ್ಟ್ರಲ್ಲ. ಯಾರು ಹೆಚ್ಚು ಮಾತಾಡುತ್ತಾರೋ ಅವರೆಲ್ಲ ಆಕೆಗೆ ಮೇಷ್ಟ್ರು.

ಜಾಲರಿಯನ್ನು ನಾನು ಕೊಡಲಿಲ್ಲ. ಇವತ್ತು ನಾಳೆ ಅಂತ ಚಾರಣದ ಸೀಸನ್ ಬಂತು, ಸುಗ್ಗಿ ಬಂತು, ಮರೆತೆ. ಇದಕ್ಕೆ ಬೇರೆ ಸಬೂಬು ಇಲ್ಲ.

ಫೆಬ್ರವರಿಯಲ್ಲಿ ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದೆ. ರಾಗಿ ಕೊಯ್ಲಾಗಿ ಹೊಲ ಬೋಳಾಗಿತ್ತು. ಗೂಡಿನ ಸುತ್ತ ಜಾಲಿ ಮುಳ್ಳಿನ ಬೇಲಿ. ನಡುವೆ ಮೊರದಗಲದ ಜಾಗ, ಸಗಣಿಯಿಂದ ನುಣ್ಣಗೆ ಸಾರಿಸಿ, ಮೇಲೆ ನಾಲ್ಕೆಳೆ ರಂಗೋಲಿ ಎಳೆದಿತ್ತು.

"ಮೊದ್ಲು ಒಂದ್ ನಾಯಿ ಬಂದು ಕೆರೀತು ಕಣಪ್ಪ" ಎಂದರು ಯಜಮಾನಿ. "ಆವತ್ತಿಂದ ಶುಕ್ರುವಾರ ಶುಕ್ರುವಾರ ಮನೆ ಸಾರಿಸ್ತೀನಲ್ಲ, ಅದ್ರಲ್ಲಿ ಒಂದ್ ಚೆಂಬು ಸಗಣಿ ಬಗ್ಗಡ ಇಲ್ಲಿಗೆ ತತ್ತೀನಿ. ಒಸಿ ಜೇಡಿಮಣ್ಣು ಸೇರುಸ್ತೀನಿ, ಸುಗ್ಗಿ ಕಣ ಮಾಡ್ದಂಗೆ. ಈಗ ನಾಯಿ ಉಗುರೂ ಇಳಿಯಲ್ಲ."

ರಾಗಿ ಬಡಿಯುವ ಕಣ ಹೇಗಿರುತ್ತದೆಂದು ನನಗೆ ಗೊತ್ತಿಲ್ಲವೇ? ಕಾಳು ಒಂದೂ ಮಣ್ಣಿಗಿಳಿಯಬಾರದು, ಹನಿ ನೀರೂ ಹೀರಬಾರದು, ಅದಕ್ಕೇ ಹಾಗೆ ಪದರದ ಮೇಲೆ ಪದರ ಸಾರಿಸುವುದು. ನಾನು ಬೆರಳಿನಿಂದ ಕುಟ್ಟಿ ನೋಡಿದೆ. ಮಡಕೆ ಕುಟ್ಟಿದ ಸದ್ದು ಬಂತು. "ಬಹಳ ಚೆನ್ನಾಗಿ ಮಾಡಿದ್ದೀರಮ್ಮಾ" ಅಂದೆ. ಫೋಟೋ ತೆಗೆದೆ. ಅದನ್ನು ಬಂದ ಗುಂಪುಗಳಿಗೆಲ್ಲ ತೋರಿಸಿ, ನೋಡಿ ನಮ್ಮ ಜನ ಹೇಗೆ ಕಾಯುತ್ತಾರೆ ಎಂದು ಭಾಷಣ ಮಾಡಿದೆ. ಓದಿ ಓದಿ ಮರುಳಾದ ಕೂಚುಭಟ್ಟ ಅಂತಾರಲ್ಲ, ಅದು ನಾನೇ.

ಜೂನ್ ಮೊದಲ ವಾರ ರೋಹಿಣಿ ಮಳೆ ಎರಡು ದಿನ ಚೆನ್ನಾಗಿ ಹೊಯ್ದಿತು. ಶುಕ್ರವಾರ ಸಂಜೆ ಕೆರೆ ಏರಿಯ ಮೇಲೆ ಹೋಗಿ ನೋಡಿದರೆ, ನಾನು ಗುರುತು ಮಾಡಿಟ್ಟಿದ್ದ ಇನ್ನೊಂದು ಗೂಡು ಬಾಯಿ ತೆರೆದಿತ್ತು. ರೂಪಾಯಿ ಅಗಲದ ತೂತು, ಕೆಸರಿನಲ್ಲಿ ನೀರಿನತ್ತ ಹೋದ ಸಣ್ಣ ಸಣ್ಣ ಕಾಲಿನ ಗೆರೆ. ಕಾಲ ಬಂದಿದೆ ಅನ್ನಿಸಿತು. ಯಜಮಾನಿಯ ಹೊಲದ ಗೂಡಿನ ಮೇಲೆ ಇನ್ನೂ ಯಾವ ಗುರುತೂ ಇರಲಿಲ್ಲ. ನಾಳೆ ಬರುತ್ತವೆ ಎಂದುಕೊಂಡು, ಮರಿ ಹೊರಬರುವುದನ್ನು ನೋಡಲು ಕಾದಿದ್ದ ಆರು ಜನರಿಗೆ ಬನ್ನಿ ಎಂದು ಹೇಳಿದೆ.

ಶನಿವಾರ ಸಂಜೆ ಆರೂವರೆಗೆ ಸೇರಿದೆವು. ಬೆಂಗಳೂರಿನ ನಾಲ್ವರು, ರಾಮನಗರದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್ ಸಾಹೇಬರೊಬ್ಬರು ಮತ್ತು ಅವರ ಹೆಂಡತಿ. ಗೂಡು ನೋಡಲು ಕೊಟ್ಟ ಅನುಮತಿ ಪತ್ರ ಹಿಡಿದು ಅರಣ್ಯ ಇಲಾಖೆಯ ಗಾರ್ಡ್ ಬಂದಿದ್ದರು. ಯಜಮಾನಿ ಹೊಸ ಸೀರೆ ಉಟ್ಟು, ಅರಿಶಿನ ಕುಂಕುಮದ ತಟ್ಟೆ ಹಿಡಿದು ಆಗಲೇ ಕೂತಿದ್ದರು. ನಾನು ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಸುತ್ತಿ, ಫೋನುಗಳನ್ನು ಜೇಬಿಗೆ ಹಾಕಿಸಿ, ಎಲ್ಲರನ್ನೂ ಗೂಡಿನ ಮೇಲ್ಬದಿಗೆ ಕೂರಿಸಿದೆ. ಕೆರೆಯ ಕಡೆ ದಾರಿ ಖಾಲಿ ಇರಬೇಕು. ಆಮೇಲೆ ಎಂದಿನ ಮಾತು: "ನೋಡೋದಷ್ಟೇ ನಮ್ಮ ಕೆಲಸ. ಏನೇ ಆದ್ರೂ ಗೂಡಿಗೆ ಕೈ ಹಾಕೋ ಹಾಗಿಲ್ಲ. ಅವು ತಾವೇ ಬರಬೇಕು."

ಏಳಾಯಿತು. ಏಳೂವರೆ ಆಯಿತು. ಕಪ್ಪೆಗಳು ವಟಗುಟ್ಟುತ್ತಿದ್ದವು, ನೆಲ ಮಾತ್ರ ಅಲ್ಲಾಡಲಿಲ್ಲ. ನಾನು ತೆವಳಿಕೊಂಡು ಹೋಗಿ ಗೂಡಿನ ಪಕ್ಕದ ಮಣ್ಣಿಗೆ ಬೆರಳಿಟ್ಟೆ. ಗೆಣ್ಣಿನವರೆಗೂ ಇಳಿಯಿತು, ಒಳ್ಳೆ ಕೆಸರು. ಸಾರಿಸಿದ ಜಾಗಕ್ಕೆ ಬೆರಳಿಟ್ಟೆ. ಇಳಿಯಲಿಲ್ಲ. ಎರಡು ದಿನ ಮಳೆ ಸುರಿದೂ ರಂಗೋಲಿಯ ಗೆರೆ ಅರ್ಧ ಹಾಗೇ ಇತ್ತು. ತೆಂಗಿನ ಕಡ್ಡಿಯೊಂದನ್ನು ಅಂಚಿನಿಂದ ಓರೆಯಾಗಿ ಒಳಗೆ ತೂರಿಸಿ ಎಳೆದೆ. ಕಡ್ಡಿಯ ತುದಿಗೆ ಒಣ ಧೂಳು ಅಂಟಿತ್ತು.

ಮಳೆ ಬಂದಿದೆ, ಆದರೆ ಗೂಡಿಗೆ ಬಂದಿಲ್ಲ. ಮೇಲಿನ ಕಣದ ಮೇಲೆ ಜಾರಿ ಪಕ್ಕಕ್ಕೆ ಹರಿದುಹೋಗಿದೆ. ಫ್ಲಾಸ್ಕಿನ ಸ್ಟೀಲ್ ಲೋಟವನ್ನು ಬೋರಲು ಹಾಕಿ, ತಳಕ್ಕೆ ಕಿವಿಯಿಟ್ಟು ಮಲಗಿದೆ. ಮೊದಲು ನನ್ನದೇ ಎದೆಬಡಿತ. ಆಮೇಲೆ ಕೇಳಿಸಿತು. ಮಗು ಸ್ಲೇಟಿನ ಮೇಲೆ ಬಳಪ ಎಳೆದ ಹಾಗೆ, ಕರ್ ಕರ್, ನಿಂತು ಮತ್ತೆ ಕರ್ ಕರ್. ಪಕ್ಕದ ಮಣ್ಣಿನ ತಂಪು ತಾಕಿಯೋ ಏನೋ, ಮರಿಗಳು ಮೊಟ್ಟೆ ಒಡೆದುಕೊಂಡಿದ್ದವು. ಒಡೆದ ಮೇಲೆ ಹೊರಗೆ ಬರಲು ಬಾಗಿಲಿಲ್ಲ.

ಎದ್ದು ಕೂರುವಾಗ ಇನ್ನೊಂದು ಕಂಡಿತು. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಅದರೊಳಕ್ಕೆ ಕೆಂಪಿರುವೆಗಳ ಸಾಲು ಇಳಿಯುತ್ತಿತ್ತು. ಮಳೆಯ ಹಿಂದೆಯೇ ಇರುವೆ ಏಳುತ್ತವೆ. ಆಗತಾನೆ ಹುಟ್ಟಿದ, ಮೈ ಮೆತ್ತಗಿರುವ ಮರಿಗಳಿಗೆ ಅವು ಸಿಕ್ಕರೆ ಬೆಳಗಿನವರೆಗೆ ಕಾಯುವ ಮಾತೇ ಇಲ್ಲ.

"ಏನಂತವೆ?" ಎಂದರು ಯಜಮಾನಿ, ನಗುತ್ತ. ಹೆರಿಗೆ ಮನೆ ಬಾಗಿಲಲ್ಲಿ ನಿಂತ ಅಜ್ಜಿಯ ಮುಖ.

"ಮಳೆ ಸಾಲ್ದೇನೋ ಅಮ್ಮಾ" ಅಂದೆ. ಅಂದ ತಕ್ಷಣ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ರೀಲರ್ ಸಾಹೇಬರು ಪಕ್ಕದಲ್ಲೇ ಇದ್ದರು. ಅವರಿಗೆ ಮುಚ್ಚುಮರೆ ಇಲ್ಲ. "ಮಳೆ ಸಾಕು ಸಾರ್. ಮೇಲೆ ಸೀಲ್ ಆಗ್ಬಿಟ್ಟಿದೆ ಅಲ್ವಾ? ನಮ್ ರೇಷ್ಮೆ ಗೂಡಲ್ಲೂ ಹಂಗೇನೇ. ಚಿಟ್ಟೆ ಒಳಗಿಂದ ಬಾಯಿ ನೀರು ಹಾಕಿ ನೆನೆಸ್ಕೊಂಡು ತೂತು ಮಾಡುತ್ತೆ. ನೆನೀಲಿಲ್ಲ ಅಂದ್ರೆ ಒಳಗೇ ಖತಂ" ಎಂದರು.

ಯಜಮಾನಿಯ ನಗು ನಿಂತಿತು. ತಟ್ಟೆ ಕೆಳಗಿಟ್ಟರು. "ನಾ ಸಾರಿಸಿದ್ದುಕ್ಕಾ?"

ಇನ್ನು ತಪ್ಪಿಸಿಕೊಳ್ಳುವುದು ಸಾಧ್ಯವಿರಲಿಲ್ಲ. "ಹೌದಮ್ಮಾ. ನೀರು ಇಳಿದಿಲ್ಲ. ಆದ್ರೆ ತಪ್ಪು ನಿಮ್ಮದಲ್ಲ. ಮುಚ್ಚಿ ಅಂದವನು ನಾನು. ಜಾಲರಿ ತರದೆ ಇದ್ದವನೂ ನಾನೇ. ಫೆಬ್ರವರೀಲಿ ಬಂದು ನೋಡಿ ಚೆನ್ನಾಗಿದೆ ಅಂದವನೂ ನಾನೇ."

"ಆವತ್ತೇ ಬೊಗಳಕ್ಕೆ ಏನ್ ರೋಗ ಬಂದಿತ್ತು ಮೇಷ್ಟ್ರೇ?" ದನಿ ಏರಿತು. "ಮೂವತ್ತು ಶುಕ್ರುವಾರ! ಜ್ವರ ಬಂದ್ರೂ ಬುಟ್ಟಿಲ್ಲ ನಾನು. ಒಂದ್ ಮಾತು, ಬ್ಯಾಡಮ್ಮ ಅಂತ ಒಂದ್ ಮಾತು ಏಳಿದ್ರೆ ಸಾಕಿತ್ತಲ್ಲೋ!"

ಬೈಸಿಕೊಂಡೆ. ಬೈಸಿಕೊಳ್ಳಬೇಕಾದದ್ದೇ. ಆದರೆ ಇರುವೆಗಳು ನಿಲ್ಲುವುದಿಲ್ಲವಲ್ಲ. ಗಾರ್ಡ್ ಕಡೆ ತಿರುಗಿ, ಗೂಡು ಬಿಚ್ಚಬೇಕು ಅಂದೆ. ಅವರು ಮೇಲಧಿಕಾರಿಗೆ ಫೋನ್ ಮಾಡಿದರು. ಒಂದು ಸಲ, ಎರಡು ಸಲ, ಏರಿಯ ಮೇಲೆ ಹತ್ತಿ ಮೂರನೇ ಸಲ. ಸಿಗ್ನಲ್ ಸಿಗಲಿಲ್ಲ. ಕಾನೂನಿನಲ್ಲಿ ಹಾಲಾಮೆಯ ಮೊಟ್ಟೆ ಮುಟ್ಟುವುದು ಅಪರಾಧ, ಆ ಮನುಷ್ಯನ ಕೆಲಸದ ಪ್ರಶ್ನೆ. ಕೊನೆಗೆ ಇಳಿದು ಬಂದು ಹೇಳಿದರು: "ಮೊಟ್ಟೆ, ಮರಿ ಮುಟ್ಟಂಗಿಲ್ಲ. ಮೇಲ್ಗಡೆ ಸಾರಿಸಿದ್ದು ಆಮೆದಲ್ಲ, ಅದು ಈಯಮ್ಮಂದು. ಅದನ್ನ ಅವ್ರು ತೆಕ್ಕಂಡ್ರೆ ನಾನ್ಯಾಕೆ ಬ್ಯಾಡ ಅನ್ಲಿ? ನಿಂತ್ಕಂಡು ನೋಡ್ತೀನಿ, ನೋಡಿದ್ದು ಬರೀತೀನಿ."

ಅಷ್ಟು ಸಾಕಾಗಿತ್ತು. ಬದುವಿನ ಮೇಲಿದ್ದ ಸಣ್ಣ ಗುದ್ದಲಿ ಎತ್ತಿಕೊಂಡು ಅಂಚಿಗೆ ಮೆಲ್ಲಗೆ ಒಂದೇಟು ಹಾಕಿದೆ. ಟಣ್ ಎಂದಿತು. ಬಿರುಕು ನಡುವಿನವರೆಗೆ ಓಡಿತು, ಪುಡಿ ಒಳಕ್ಕುದುರಿತು. ತಕ್ಷಣ ಲೋಟಕ್ಕೆ ಕಿವಿಯಿಟ್ಟೆ. ಕರ್ ಕರ್ ನಿಂತುಹೋಗಿತ್ತು.

ಮತ್ತೆ ಗುದ್ದಲಿ ಎತ್ತುವಷ್ಟರಲ್ಲಿ ಯಜಮಾನಿ ನನ್ನ ಮಣಿಕಟ್ಟು ಹಿಡಿದರು. ಕಳೆ ಕಿತ್ತ ಕೈ, ಉಡದ ಹಿಡಿತ. "ಮಡುಗು ಅದನ್ನ. ಒಣ ಕಣಕ್ಕೆ ಏಟಾಕಿದ್ರೆ ಅಪ್ಪಳೆ ಅಪ್ಪಳೆ ಒಳಕ್ಕೇ ಬೀಳ್ತದೆ. ಕಣ ಕೀಳೋದು ನಿಂಗೇನ್ ಗೊತ್ತು? ನಾ ಮುಚ್ಚಿದ್ದು, ನಾನೇ ತೆಗೀತೀನಿ."

ಆಮೇಲೆ ನಡೆದದ್ದೆಲ್ಲ ಅವರ ಯಜಮಾನಿಕೆ. ನಾನು ಆಳು. ಮೊದಲು ತಟ್ಟೆಯ ಅರಿಶಿನವನ್ನೆಲ್ಲ ಇರುವೆ ಸಾಲಿನ ದಾರಿಗೆ ಅಡ್ಡ ಸುರಿದರು. ಹೊಸ ಇರುವೆಗಳು ಅಲ್ಲಿಂದಲೇ ಚದುರಿದವು. ನನ್ನನ್ನು ಮನೆಗೆ ಓಡಿಸಿ ಗೋಣಿಚೀಲ, ಚೆಂಬು, ದೋಸೆ ಮಗುಚುವ ಕೈ ತರಿಸಿದರು. ಗೋಣಿಯನ್ನು ಕೆರೆ ನೀರಿನಲ್ಲಿ ಅದ್ದಿ, ಸೋರದಷ್ಟು ಹಿಂಡಿ, ಸಾರಿಸಿದ ಜಾಗದ ಮೇಲೆ ಹಾಸಿದರು.

"ಸುರೀಬಾರ್ದಾ?" ಎಂದು ಬೆಂಗಳೂರಿನ ಒಬ್ಬಾಕೆ ಕೇಳಿದರು.

"ಸುರುದ್ರೆ ಮೇಲ್ ಮೇಲೆ ಓಯ್ತದೆ, ಇಲ್ಲ ಬಿರುಕಲ್ಲಿ ನುಗ್ಗಿ ಒಳಗಿರೋವು ಮುಳುಗ್ತವೆ. ನೆಂದ್ ನೆಂದೇ ಬುಡ್ಬೇಕು."

ಕಾಲು ಗಂಟೆಗೊಂದು ಸಲ ಗೋಣಿ ತೆಗೆದು, ಮತ್ತೆ ಅದ್ದಿ, ಹಿಂಡಿ, ಹಾಸುವುದು. ನನಗೆ ಆ ಕಾಲು ಗಂಟೆಗಳು ಮುಗಿಯುತ್ತಲೇ ಇರಲಿಲ್ಲ. ಗೋಣಿಯ ಪಕ್ಕದಲ್ಲಿ ಲೋಟ ಹಚ್ಚಿದರೆ ಏನೂ ಕೇಳಿಸುತ್ತಿರಲಿಲ್ಲ. ನನ್ನ ಒಂದು ಏಟಿಗೆ ಸತ್ತವೋ, ಹೆದರಿ ಸುಮ್ಮನಾದವೋ, ಇರುವೆ ಮುಗಿಸಿದವೋ? ಸಾಹೇಬರ ಹೆಂಡತಿ ತುಟಿಯಲ್ಲೇ ಏನೋ ಪ್ರಾರ್ಥನೆ ಮಾಡುತ್ತಿದ್ದರು. ಮೂರನೇ ಸಲ ಗೋಣಿ ತೆಗೆದಾಗ ಯಜಮಾನಿ ಹೆಬ್ಬೆರಳಿನಿಂದ ಒತ್ತಿ ನೋಡಿ, "ಈಗ ಎದ್ ಬತ್ತದೆ" ಅಂದರು.

ಮಗುಚುವ ಕೈಯನ್ನು ಅಂಚಿನಲ್ಲಿ ಚಪ್ಪಟೆಯಾಗಿ ತೂರಿಸಿ, ಎತ್ತದೆ, ಮುಂದಕ್ಕೆ ಜಾರಿಸಿದರು. ಮೊದಲ ಪದರ ಚಿರೋಟಿಯಂತೆ ಬಿಟ್ಟುಕೊಂಡು ಬಂತು. ಅದರ ಕೆಳಗೆ ಇನ್ನೊಂದು. ಮತ್ತೊಂದು. ನಾನು ಕೆಂಪು ಬೆಳಕು ಹಿಡಿದಿದ್ದೆ. ಪ್ರತಿ ಪದರವನ್ನೂ ಎರಡು ಕೈಯಲ್ಲಿ ಹಿಡಿದು ಬದುವಿನ ಮೇಲೆ ಇಡುತ್ತ ಹೋದರು. ಕೊನೆಗೆ ಒಂದು ಬೆರಳು ದಪ್ಪದ ಕಣವೆಲ್ಲ ಕಳಚಿ, ಕಂದು ಬಣ್ಣದ ಒಣ ಮಣ್ಣು ಕಂಡಿತು. ಅಕ್ಟೋಬರಿನಲ್ಲಿ ಆಮೆ ಮುಚ್ಚಿಹೋದ ಮಣ್ಣು.

"ಇನ್ ಮುಂದೆ ಬ್ಯಾಡ" ಎಂದರು ಗಾರ್ಡ್.

ಯಜಮಾನಿ ಚೆಂಬಿನ ನೀರನ್ನು ಬೆರಳ ಸಂದಿನಿಂದ ಚಿಮುಕಿಸತೊಡಗಿದರು, ಸೋನೆ ಮಳೆಯಂತೆ, ಸ್ವಲ್ಪ ಸ್ವಲ್ಪ. ಹಾಕಿ ನಿಲ್ಲಿಸುವುದು, ಮಣ್ಣು ಕುಡಿಯುವವರೆಗೆ ಕಾಯುವುದು, ಮತ್ತೆ ಹಾಕುವುದು. ಒಂಬತ್ತು ಗಂಟೆ ದಾಟಿತು. ಎರಡನೇ ಚೆಂಬು ಖಾಲಿಯಾಗುವ ಹೊತ್ತಿಗೆ ಸಾಹೇಬರು ನನ್ನ ತೋಳು ಹಿಡಿದು ಒತ್ತಿದರು. ಮಣ್ಣಿನ ಒಂದು ಹೆಂಟೆ, ಕಡಲೆಕಾಳಿನಷ್ಟು, ತಾನಾಗಿ ಹೊರಳಿತು.

ಆಮೇಲೆ ಒಂದು ಮೂಗು. ಹಾಲಾಮೆಯ ಮೂಗು ಸಣ್ಣ ಕೊಳವೆಯ ಹಾಗಿರುತ್ತದೆ. ಅದಷ್ಟೇ ಮೇಲೆ ಬಂದು, ಗಾಳಿ ಎಳೆದು, ಹಾಗೇ ನಿಂತಿತು. ನಾವೂ ನಿಂತೆವು. ಆಮೇಲೆ ತಲೆ, ಒಂದು ಕಾಲು, ಇನ್ನೊಂದು ಕಾಲು. ನಾಕಾಣೆಯಷ್ಟು ಬೆನ್ನಿಗೆ ಕೆಸರು ಹೊತ್ತುಕೊಂಡು ಒಂದು ಮರಿ ಹೊರಬಂದು, ಸ್ವಲ್ಪ ತೂಗಾಡಿ, ಇಳಿಜಾರು ಹಿಡಿಯಿತು. ನನಗೆ ಅಳು ಬಂತು. ಕತ್ತಲಿದ್ದದ್ದು ಒಳ್ಳೆಯದಾಯಿತು.

"ಒಂದು" ಎಂದರು ಯಜಮಾನಿ.

ಎರಡು, ಮೂರು ಒಟ್ಟಿಗೆ ಬಂದವು. ನಾಲ್ಕನೆಯದರ ಕಾಲಿಗೆ ಇರುವೆ ಕಚ್ಚಿಕೊಂಡಿತ್ತು; ಎಳೆದುಕೊಂಡೇ ನೀರಿಗೆ ಹೋಯಿತು. ಐದು. ಬಹಳ ಹೊತ್ತಿನ ಮೇಲೆ ಆರು. ಅವರು ಕೈಚಾಚಿ ಎತ್ತಿಬಿಡುತ್ತಾರೇನೋ ಎಂದು ನೋಡುತ್ತಿದ್ದೆ. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದರು.

ಹತ್ತೂವರೆಯವರೆಗೆ ಕಾದೆವು. ಏಳನೆಯದು ಬರಲಿಲ್ಲ. ಗುಂಪನ್ನು ಕಳಿಸಿದೆ. ಬೆಳಿಗ್ಗೆ ಅನುಮತಿ ಸಿಕ್ಕ ಮೇಲೆ ಗಾರ್ಡ್ ಗೂಡು ತೆರೆದರು. ಒಂದು ಮೊಟ್ಟೆ ಒಡೆದೇ ಇರಲಿಲ್ಲ. ಎರಡು ಒಡೆದಿದ್ದವು, ಮರಿಗಳು ಪೂರ್ತಿ ಬೆಳೆದಿದ್ದವು, ಮುಂಗಾಲು ಮೇಲಕ್ಕೆ ಚಾಚಿದ್ದವು, ಮೈತುಂಬ ಇರುವೆ. ಗಾರ್ಡ್ ಬರೆದುಕೊಂಡರು.

ಯಜಮಾನಿ ಬದುವಿನ ಮೇಲಿದ್ದ ಕಣದ ಪದರಗಳ ಪಕ್ಕ ಕೂತಿದ್ದರು. ಒಂದರಲ್ಲಿ ಇನ್ನೂ ರಂಗೋಲಿಯ ಬಿಳಿ ಉಳಿದಿತ್ತು. "ನಾ ಸಾರಿಸ್ದೆ ಇದ್ದಿದ್ರೆ ಒಂಬತ್ತೂ ಬತ್ತಿದ್ವಾ?" ಎಂದು ಕೇಳಿದರು. ರಾತ್ರಿಯ ಸಿಟ್ಟಿರಲಿಲ್ಲ.

"ನೀವು ಸಾರಿಸದೆ ಇದ್ದಿದ್ರೆ ನಾಯಿ ಕೆದಕಿ ಒಂದೂ ಉಳೀತಿರ್ಲಿಲ್ವೇನೋ ಅಮ್ಮಾ. ನಾನು ಜಾಲರಿ ತಂದಿದ್ರೆ ಒಂಬತ್ತೂ ಬರೋವೇನೋ" ಅಂದೆ.

ಸತ್ತ ಎರಡನ್ನು ಎಲ್ಲಿ ಹೂಳಬೇಕೆಂದು ಯಜಮಾನಿ ಗಾರ್ಡನ್ನು ಕೇಳಿದರು. ಗಾರ್ಡ್ ತೋರಿಸಿದ ಕಡೆ ತಾವೇ ಕುಳಿ ತೋಡಿ ಮಣ್ಣು ಎಳೆದರು. ಒತ್ತಲಿಲ್ಲ.

ಈ ಸಲ ಸ್ವಾತಿ ಮಳೆ ಬಿದ್ದ ಮೂರನೇ ದಿನ ಅವರೇ ಫೋನ್ ಮಾಡಿದರು. ಅದೇ ಆಮೆಯೋ ಬೇರೆಯೋ, ಅದೇ ಬದುವಿನ ಪಕ್ಕ ಇಟ್ಟುಹೋಗಿತ್ತು. ಮಾರನೇ ದಿನ ಬೆಳಗಾಗುವ ಮುಂಚೆ ಜಾಲರಿ ಹೊತ್ತುಕೊಂಡು ಹೋಗಿ, ನಾಲ್ಕು ಗೂಟ ಹೊಡೆದು ಕಟ್ಟಿ ಬಂದೆ. ಏನೇನು ಮಾಡಬಾರದು ಎಂದು ಒಂದೊಂದಾಗಿ ಹೇಳಿದೆ. ಗೊತ್ತು ನಡಿ ಅಂದರು.

ಆಮೇಲೆ ಒಂದು ಶುಕ್ರವಾರ ಮತ್ತೆ ಫೋನ್ ಬಂತು. ನಾನು ಬೆಟ್ಟದ ಅರ್ಧದಲ್ಲಿದ್ದೆ. ನಾಯಿ ಬಂತೇ, ಜಾಲರಿ ಕಿತ್ತುಹೋಯಿತೇ ಎಂದು ಗಾಬರಿಯಲ್ಲಿ ಕೇಳಿದೆ.

"ಏನೂ ಆಗಿಲ್ಲ ಕಣಪ್ಪ. ಮನೆ ಸಾರಿಸಿ ಆಯ್ತು. ಚೆಂಬಲ್ಲಿ ಒಸಿ ಬಗ್ಗಡ ಉಳುದೈತೆ. ಒಲಕ್ ಬಂದು ಜಾಲ್ರಿ ಪಕ್ಕ ಸುಮ್ಕೆ ಕುಂತಿವ್ನಿ" ಎಂದರು. "ಸುಮ್ಕೆ ಕುಂತಿರೋದು ಎಷ್ಟ್ ಕಷ್ಟ ಅಂತ ಗೊತ್ತೇನ್ಲಾ ನಿಂಗೆ?"